ಸುನ್ವಾಳ ಗಾಳಿಮನೆಯ ಮೂರನೆಯ ತೊಡೆ

ಹಾಲಿನ ಡಬ್ಬಿ ತೆರೆದರೆ ಸುನ್ವಾ ಮೊದಲು ಮೂಸುವಳು, ಆಮೇಲೆ ಮೇಲಿನ ತಾರೀಖು ಓದುವಳು, ಅಷ್ಟಾದರೂ ನಂಬಿಕೆ ಬಾರದೆ ಒಂದು ತೊಟ್ಟು ನಾಲಗೆಗೆ ಹಾಕಿಕೊಂಡು ಕಣ್ಣು ಮುಚ್ಚಿ ಯೋಚಿಸುವಳು. ಭಾನುವಾರ ಪಾದ್ರಿ ಕ್ಷಮೆಯ ಬಗ್ಗೆ ಉಪದೇಶ ಮಾಡಿದರೆ, ಹೊರಗೆ ಬರುವಾಗ ಅವರ ಕೈ ಕುಲುಕುತ್ತಾ, "ಇವತ್ತು ಯಾರನ್ನ ಮನಸ್ಸಲ್ಲಿಟ್ಕೊಂಡು ಹೇಳಿದ್ದು?" ಎಂದು ಕೇಳಿಯೇ ಬಿಡುವಳು. ಉತ್ತರದ ಕಡಲ ದ್ವೀಪವೊಂದರ ಹೆಲ್ಲುವೀಕ್ ಊರಿನ ನಾವು ಇದಕ್ಕೆಲ್ಲ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಯಾರಾದರೂ ಹಳೆಯ ದೋಣಿ ಕೊಳ್ಳಲು ಹೊರಟರೆ "ಸುನ್ವಾಗೆ ತೋರಿಸಿದ್ಯಾ?" ಎಂದು ಕೇಳುವುದು ನಮ್ಮಲ್ಲಿ ರೂಢಿಯಾಗಿತ್ತು. ಅವಳ ಅನುಮಾನ ಊರಿಗೆ ಒಂದು ಸೌಕರ್ಯವಾಗಿತ್ತು.

ಅವಳ ಕಸುಬೂ ಹಾಗೆಯೇ ಇತ್ತು. ಬಂದರಿನ ಮಗ್ಗುಲಲ್ಲಿರುವ ಬಲೆಮನೆಯಲ್ಲಿ ಹರಿದ ಬಲೆಗಳನ್ನು ಹೆಣೆದು ಸರಿಮಾಡುವ ಕೆಲಸ. ಅಂಗೈ ಬಲೆಯ ಮೇಲೆ ಹರಿದಾಡುತ್ತಾ ಹೋಗಬೇಕು, ಕಣ್ಣು ತಪ್ಪಿದ ಕಡೆ ಬೆರಳಿಗಾದರೂ ತೂತು ಸಿಗಬೇಕು. "ತೂತಿಲ್ಲ ಅಂದ್ಕೊಂಡು ಹುಡುಕಿದ್ರೆ ಜನ್ಮದಲ್ಲಿ ಸಿಗಲ್ಲ. ಇದ್ದೇ ಇದೆ ಅಂದ್ಕೊಂಡು ಹುಡುಕ್ಬೇಕು" ಎಂದು ಜೊತೆಯ ಹೆಂಗಸರಿಗೆ ಹೇಳುತ್ತಿದ್ದಳು. ಬಲೆಗೆ ಈ ಮಾತು ಒಪ್ಪುತ್ತದೆ. ಮನುಷ್ಯರಿಗೂ ಒಪ್ಪುತ್ತದೆ ಎಂದು ಅವಳು ತಿಳಿದಿದ್ದಳು, ಎಡವಟ್ಟಾದದ್ದು ಅಲ್ಲಿಯೇ.

ಅವಳ ಗಂಡ ಹಾನುಸ್ ದೂರದ ನೀರಿಗೆ ಹೋಗುವ ಮೀನು ಹಡಗಿನಲ್ಲಿ ಅಡುಗೆಯವನು. ವರ್ಷದ ಅರ್ಧ ಅವನು ಮನೆಯಲ್ಲಿರುವುದಿಲ್ಲ. ಅವನಿಗೆ ಅನುಮಾನ ಎಂಬುದೇ ಗೊತ್ತಿಲ್ಲ. ಇವಳೊಬ್ಬಳೇ ಇಬ್ಬರ ಪಾಲಿನದನ್ನೂ ಮಾಡುತ್ತಾಳೆ ಎಂದು ಊರಿನಲ್ಲಿ ತಮಾಷೆ ಮಾಡುತ್ತಿದ್ದರು.

ಇಂಥವಳು ಸಂಸತ್ತಿಗೆ ಹೋದದ್ದು ಯಾರೂ ಬಯಸಿ ಅಲ್ಲ. ನಮ್ಮ ಕಡೆಯ ದ್ವೀಪದಿಂದ ಒಂದು ಹೆಣ್ಣು ಹೆಸರು ಬೇಕು ಎಂದು ಪಕ್ಷದವರು ಅಭ್ಯರ್ಥಿಗಳ ಪಟ್ಟಿಯ ತುದಿಯಲ್ಲಿ ಅವಳನ್ನು ಸೇರಿಸಿದ್ದರು, ಅಷ್ಟೆ. ಗೆದ್ದವನು ಸಚಿವನಾಗಿ ನಿಯಮದಂತೆ ಸದಸ್ಯನ ಸ್ಥಾನ ಬಿಟ್ಟ, ಅವನ ಜಾಗಕ್ಕೆ ಬರಬೇಕಾಗಿದ್ದವನು ಡೆನ್ಮಾರ್ಕಿಗೆ ಹೋಗಿ ನೆಲೆಸಿದ. ಕೊನೆಗೆ ಒಂದು ಬೆಳಿಗ್ಗೆ ಬಲೆಮನೆಗೆ ಫೋನು ಬಂತು. ಸುನ್ವಾ ಕೇಳಿದ ಮೊದಲ ಮಾತು, "ಇದರಲ್ಲಿ ಏನಿದೆ ಮೋಸ?"

ರಾಜಧಾನಿ ತೋರ್ಸ್‌ಹಾವ್ನ್‌ನಲ್ಲಿ ಅವಳನ್ನು ವಿದೇಶ ವ್ಯವಹಾರಗಳ ಸಮಿತಿಗೆ ಹಾಕಿದರು. ಆ ದಿನಗಳಲ್ಲಿ ಆ ಸಮಿತಿಯಲ್ಲಿ ಕೂರುವುದು ಯಾರಿಗೂ ಬೇಡದ ತಲೆನೋವು. ಯುದ್ಧ ಶುರುವಾಗಿ ರಷ್ಯಾದ ಮೇಲೆ ಆರ್ಥಿಕ ನಿರ್ಬಂಧ ಹಾಕಿದ್ದಾಗಿತ್ತು. ಆದರೆ ನಮ್ಮ ಬಂಗುಡೆ ಮೀನನ್ನು ತಲೆಮಾರಿನಿಂದ ಕೊಳ್ಳುತ್ತಿದ್ದವರೂ ಅವರೇ. ಹೀಗಾಗಿ ಬಾಗಿಲು ಮುಚ್ಚಿಯೂ ಚಿಲಕ ಹಾಕದ ಹಾಗೆ ಕಾನೂನು ಮಾಡಿದ್ದರು. ಅವರ ಮೀನು ಹಡಗುಗಳು ನಮ್ಮ ಬಂದರಿಗೆ ಮೀನಿನ ಕೆಲಸಕ್ಕೆ ಮಾತ್ರ ಬರಬಹುದು. ದುರಸ್ತಿ ಮುಂತಾದ ಬೇರೆ ಏನೇ ಬೇಕಿದ್ದರೂ ಸಚಿವರು ವಿಶೇಷ ಅನುಮತಿ ಕೊಡಬೇಕು, ಕೊಟ್ಟದ್ದನ್ನು ಸಮಿತಿಯ ಮುಂದೆ ಇಡಬೇಕು. ಏಳು ಜನರ ಸಮಿತಿಯಲ್ಲಿ ನಾಲ್ವರು ಬೇಡವೆಂದರೆ ಅನುಮತಿ ಬಿದ್ದುಹೋಗುತ್ತದೆ.

ಸುನ್ವಾ ಸಮಿತಿಗೆ ಹೆಣಿಗೆ ತೆಗೆದುಕೊಂಡು ಹೋಗುತ್ತಿದ್ದಳು. ಸಚಿವಾಲಯದ ಅಧಿಕಾರಿಗಳು ಮಾತಾಡುವಾಗ ಅವಳ ಕಡ್ಡಿಗಳು ಟಿಕ್ ಟಿಕ್ ಎನ್ನುತ್ತಿದ್ದವು. ಕಡ್ಡಿಗಳು ನಿಂತರೆ ಅಧಿಕಾರಿಗಳ ಗಂಟಲು ಒಣಗುತ್ತಿತ್ತಂತೆ. ಯಾವ ಹಡಗಿಗೆ ಎಷ್ಟು ಎಣ್ಣೆ ಕೊಟ್ಟಿರಿ, ಅಷ್ಟು ಎಣ್ಣೆ ಸುಟ್ಟು ಎಲ್ಲಿಗೆ ಹೋಯಿತು, ಹೋದ ಕಡೆ ಮೀನಿತ್ತೇ ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗಳು ಒಳ್ಳೆಯವೇ. ಸರ್ಕಾರ ತಾನು ಹಾಕಿದ ನಿರ್ಬಂಧಕ್ಕೆ ತಾನೇ ಹಿಂಬಾಗಿಲು ತೆರೆಯುತ್ತಿದೆಯೇ ಎಂದು ಯಾರಾದರೂ ನೋಡಬೇಕಿತ್ತು. ನೋಡುವವಳು ನಮ್ಮೂರಿನವಳು ಎಂದು ನಮಗೆ ಒಳಗೊಳಗೇ ಹೆಮ್ಮೆ ಇತ್ತು.

ಸಮಿತಿಯಲ್ಲಿ ಅವಳಿಗೆ ಅನುಮಾನ ಬಾರದ ಮನುಷ್ಯ ಒಬ್ಬನೇ, ಅಧ್ಯಕ್ಷ ಹಾಲ್ಗ್ರಿಮ್. ಹಿಂದೆ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದವನು. ಎಲ್ಲರಿಗೂ ತಾನೇ ಕಾಫಿ ಬಗ್ಗಿಸಿ ಕೊಡುತ್ತಿದ್ದ, ಮೆಲ್ಲಗೆ ಮಾತಾಡುತ್ತಿದ್ದ, ಸ್ವೆಟರಿನ ಮೊಣಕೈಗೆ ತಾನೇ ತೇಪೆ ಹಾಕಿಕೊಂಡಿದ್ದ. ತೇಪೆ ಅಚ್ಚುಕಟ್ಟಾಗಿತ್ತು. ಅಷ್ಟು ಅಚ್ಚುಕಟ್ಟಾಗಿ ತೇಪೆ ಹಾಕುವವನು ಒಳಗೊಂದು ಹೊರಗೊಂದು ಇರಲಾರ ಎಂದು ಸುನ್ವಾ ತೀರ್ಮಾನಿಸಿದ್ದಳು.

ಇನ್ನು ಅವಳ ತಮ್ಮನ ವಿಷಯ. ರೇಗಿನ್ ನಮ್ಮೂರಿನ ಹಡಗು ರಿಪೇರಿ ಯಾರ್ಡಿನಲ್ಲಿ ವೆಲ್ಡರ್. ಅಕ್ಕ ತಮ್ಮ ಮಾತು ಬಿಟ್ಟು ಆರು ಚಳಿಗಾಲ ಕಳೆದಿತ್ತು. ಅವರ ಅಪ್ಪ ತೀರಿಕೊಂಡಾಗ ಬೆಟ್ಟದ ಕುರಿಗಳಲ್ಲಿ ಅರ್ಧ ಅಕ್ಕನ ಪಾಲು, ಅರ್ಧ ತಮ್ಮನದು ಎಂದಾಗಿತ್ತು. ಮೇಯಿಸಿ ನೋಡಿಕೊಳ್ಳುವವನು ರೇಗಿನ್. ಆ ಚಳಿಗಾಲ ಹಿಮ ಬಿದ್ದು ಬಹಳ ಮರಿಗಳು ಸತ್ತವು, ಸತ್ತವುಗಳಲ್ಲಿ ಹೆಚ್ಚಿನವುಗಳ ಕಿವಿಯಲ್ಲಿ ಸುನ್ವಾಳ ಪಾಲಿನ ಗುರುತು ಕೊಯ್ದಿತ್ತು. ಅಪ್ಪ ಹೋಗಿ ವರ್ಷವಾದ ದಿನ ನೆಂಟರೆಲ್ಲ ಕಾಫಿಗೆ ಕೂತಿದ್ದಾಗ ಅವಳು ಬಟ್ಟಲು ಕೆಳಗಿಡದೆ ಅಂದಳು, "ಹಿಮಕ್ಕೂ ನನ್ನ ಮರಿಗಳ ಕಿವಿ ಗುರುತು ಗೊತ್ತಿತ್ತು ಅನ್ಸುತ್ತೆ."

ರೇಗಿನ್ ಎದ್ದು ಹೋದ. ಮಾರನೆಯ ದಿನ ಅವಳು ಸಿಟ್ಟಿನಲ್ಲಿ "ನನ್ನ ಪಾಲು ನಂಗೆ ಬೇಡ, ಎಲ್ಲ ಅವನೇ ಇಟ್ಕೊಳ್ಲಿ" ಎಂದು ಹೇಳಿಕಳಿಸಿದಳು. ಅಂದಿನಿಂದ ಅಂಗಡಿಯಲ್ಲಿ ಎದುರುಬದುರಾದರೆ ಅವನು ಮಾರ್ಗರಿನ್ ಡಬ್ಬಿ ನೋಡುತ್ತಿದ್ದ, ಅವಳು ಉಪ್ಪಿನ ಪೊಟ್ಟಣ ನೋಡುತ್ತಿದ್ದಳು. ಇಬ್ಬರೂ ಎಷ್ಟು ಗಮನವಿಟ್ಟು ನೋಡುತ್ತಿದ್ದರೆಂದರೆ ಅಂಗಡಿಯವನು ನಗು ತಡೆಯಲು ಹಿಂದಿನ ಕೋಣೆಗೆ ಹೋಗುತ್ತಿದ್ದ.

ಆ ವರ್ಷದ ಶರತ್ಕಾಲದಲ್ಲಿ ರಷ್ಯಾದ ಒಂದು ದೊಡ್ಡ ಮೀನು ಹಡಗಿನ ಚುಕ್ಕಾಣಿ ಕೆಟ್ಟಿತು. ದುರಸ್ತಿಗೆ ನಮ್ಮ ಯಾರ್ಡಿಗೆ ಬರುತ್ತೇವೆ ಎಂದು ಅವರು ಕೇಳಿದರು. ಯಾರ್ಡಿನ ಒಡೆಯ ಸೀಮುನ್ ಸಂತೋಷದಿಂದ ಮೀಸೆ ತಿರುವಿದ. ಕ್ರಿಸ್‌ಮಸ್ಸಿನವರೆಗೆ ಅವನ ಜನಕ್ಕೆ ಕೈತುಂಬ ಕೆಲಸ. ಸಚಿವರು ಅನುಮತಿ ಕೊಟ್ಟು ಸಮಿತಿಗೆ ಕಳಿಸಿದರು. ಅರ್ಜಿ ನೋಡುತ್ತಿದ್ದ ಸುನ್ವಾಳ ಕಡ್ಡಿಗಳು ನಿಂತವು.

"ಚುಕ್ಕಾಣಿ ಇರೋದು ಹಡಗಿನ ಬುಡದಲ್ಲಿ. ಇದರಲ್ಲಿ ಮೇಲಿನ ಕಂಬದ ಕೆಲಸಾನೂ ಬರೆದಿದಾರಲ್ಲ, ಯಾಕೆ?"

"ಉಪ್ಪುಗಾಳಿಗೆ ತುಕ್ಕು ಹಿಡಿದಿದೆಯಂತೆ" ಎಂದ ಸಚಿವಾಲಯದವನು. "ಬಣ್ಣ ಹೊಡೀಬೇಕಂತೆ."

"ಕಂಬಕ್ಕೋ, ಕಂಬದ ಮೇಲಿರೋ ಆ ಆಂಟೆನಾ ತಟ್ಟೆಗಳಿಗೋ?"

ಅವನು ಕಾಗದ ತಿರುವಿ ಹಾಕಿದ. ಆ ಹಡಗು ಮೀನಿಗಿಂತ ಸಮುದ್ರದ ತಳದ ದೂರಸಂಪರ್ಕ ತಂತಿಗಳ ಮೇಲೆಯೇ ಹೆಚ್ಚು ಸುತ್ತಾಡಿ ಬೇಹು ನಡೆಸುತ್ತದೆ ಎಂಬ ಗುಸುಗುಸು ಬಂದರಿನಲ್ಲಿ ಮೊದಲೇ ಇತ್ತು. ನಿಜವೋ ಸುಳ್ಳೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸಮಿತಿಯಲ್ಲಿ ಮೂವರು ಅನುಮತಿಯ ಪರ, ಅದರಲ್ಲಿ ಹಾಲ್ಗ್ರಿಮ್ ಒಬ್ಬ, ಅವನು ಅದನ್ನು ಮುಚ್ಚಿಟ್ಟಿರಲಿಲ್ಲ. ಮೂವರು ವಿರುದ್ಧ. ಸುನ್ವಾ ಬೇಡವೆಂದರೆ ನಾಲ್ಕಾಗುತ್ತದೆ. ಬೇಡ ಎನ್ನುವುದೆಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಸಮುದ್ರದಡಿಯ ಸುರಂಗದಲ್ಲಿ ಕಾರು ಓಡಿಸಿಕೊಂಡು ಮನೆಗೆ ಬಂದಳು. ಮತದಾನಕ್ಕೆ ಇನ್ನೊಂದು ವಾರವಿತ್ತು.

ಮಾರನೆಯ ಬೆಳಿಗ್ಗೆ ಅವಳು ಗಾಳಿಮನೆಯ ಬಾಗಿಲು ತೆರೆದಳು. ನಮ್ಮಲ್ಲಿ ಪ್ರತಿ ಮನೆಯ ಹಿತ್ತಿಲಲ್ಲೂ ಹಲಗೆಗಳ ನಡುವೆ ಬೆರಳಗಲ ಸಂದು ಬಿಟ್ಟು ಕಟ್ಟಿದ ಈ ಗುಡಿಸಲು ಇರುತ್ತದೆ. ಕುರಿ ಕಡಿದ ಮೇಲೆ ಮಾಂಸವನ್ನು ಉಪ್ಪಿಲ್ಲದೆ ಹೊಗೆಯಿಲ್ಲದೆ ಇಲ್ಲಿ ತೂಗುಹಾಕಿದರೆ ಕಡಲಗಾಳಿಯೇ ಅದನ್ನು ಮಾಗಿಸುತ್ತದೆ. ಕ್ರಿಸ್‌ಮಸ್ಸಿಗೆ ಹದವಾಗಿ ಹುಳಿ ಬಂದಿರುತ್ತದೆ. ಸುನ್ವಾ ಪಕ್ಕದ ಮನೆಯ ಆಲ್ಮಾಳಿಂದ ಕೊಂಡ ಎರಡು ಕುರಿ ತೊಡೆಗಳನ್ನು ತೂಗುಹಾಕಿದ್ದಳು. ಈಗ ಮೂರು ಇದ್ದವು.

ಹೊಸ ತೊಡೆ ದಪ್ಪವಾಗಿ, ಬೆಟ್ಟದ ಮೇಲಿನ ಹುಲ್ಲು ತಿಂದ ಕುರಿಯದೆಂದು ತಿಳಿಯುವಂತಿತ್ತು. ಹಸಿರು ಹಗ್ಗದಲ್ಲಿ ಕಟ್ಟಿತ್ತು. ಯಾರ್ಡಿನ ಹಗ್ಗ. ಅವಳು ಗಂಟನ್ನು ಬೆರಳಿನಿಂದ ಸವರಿದಳು. ಎರಡು ಸುತ್ತು ಹಾಕಿ ತುದಿಯನ್ನು ಒಳಗೆ ಮಡಚಿದ ಗಂಟು, ಅಪ್ಪನ ಗಂಟು. ಅದನ್ನು ಹಾಕಲು ಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ ಉಳಿದಿದ್ದರು. ಗಂಟಿನ ಒಳಗೆ ಒಂದೆಳೆ ಕೆಂಪು ಉಣ್ಣೆ ಇತ್ತು. ಅವಳು ಚಿಕ್ಕವಳಿದ್ದಾಗ ಅವಳ ಪಾಲಿನ ಮರಿಗಳಿಗೆಂದು ಅಪ್ಪ ಕೆಂಪು ಉಣ್ಣೆ ಕಟ್ಟುತ್ತಿದ್ದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಯೇ ಕೂತು ಅತ್ತುಬಿಡುತ್ತಿದ್ದರು. ಸುನ್ವಾಳ ಕಣ್ಣಲ್ಲೂ ಒಂದು ಕ್ಷಣ ನೀರು ಬಂತು. ಆದರೆ ಬಂದ ನೀರಿನ ಮೇಲೂ ಅವಳಿಗೆ ಅನುಮಾನ. ಆರು ಚಳಿಗಾಲ ಇಲ್ಲದ ತಮ್ಮ, ಮತಕ್ಕೆ ವಾರವಿರುವಾಗ ಎಲ್ಲಿಂದ ಬಂದ? ಹಗ್ಗ ಸೀಮುನ್‌ನದು. ಮಾಂಸವೂ ಅವನದೇ ಇರಬೇಕು. ಕೆಂಪು ಉಣ್ಣೆ ಹಾಕಿ ಕರಗಿಸಲು ನೋಡಿದ್ದಾರೆ, ಎಂಥ ಖದೀಮರು, ಸತ್ತ ಅಪ್ಪನನ್ನೂ ಬಿಡಲಿಲ್ಲವಲ್ಲ ಎಂದು ಅವಳ ಮೈ ಉರಿಯಿತು.

ಹಾನುಸ್‌ಗೆ ಫೋನು ಮಾಡಿದಳು. ಸಮುದ್ರದ ಮಧ್ಯದಿಂದ ಅವನ ದನಿ ಮುಳುಗುತ್ತಾ ಏಳುತ್ತಾ ಬಂತು.

"ಮಾಂಸ ಅಂದ್ರೆ ಮಾಂಸ ಕಣೇ. ಹಬ್ಬಕ್ಕೆ ಬೇಯ್ಸು, ನಾನು ಬಂದು ತಿಂತೀನಿ."

"ಯಾರ್ಡಿನ ಹಗ್ಗ ಅಂತಿದೀನಲ್ಲ, ಕಿವಿಗೆ ಬೀಳಲ್ವಾ?"

"ರೇಗಿನ್ ಯಾರ್ಡಲ್ಲಿ ಕೆಲ್ಸ ಮಾಡ್ತಾನಮ್ಮ ತಾಯಿ. ಹಗ್ಗ ಇನ್ನೆಲ್ಲಿಂದ ತರ್ತಾನೆ, ಇಗರ್ಜಿಯಿಂದ್ಲಾ? ಹೋಗಿ ಅವನ್ನೇ ಕೇಳ್ಬಾರ್ದಾ?"

ಅದೊಂದನ್ನು ಮಾತ್ರ ಮಾಡುವಂತಿರಲಿಲ್ಲ. ಗಾಳಿಮನೆಗಳಿಗೆ ನಮ್ಮೂರಿನಲ್ಲಿ ಬೀಗ ಇಲ್ಲ. ಕಾಯಿಲೆಯವರ ಮನೆಗೆ, ಹೆರಿಗೆಯಾದವರ ಮನೆಗೆ, ಮುನಿಸು ಮುಗಿಸಬೇಕಾದವರ ಮನೆಗೆ ಜನ ಸದ್ದಿಲ್ಲದೆ ಹೋಗಿ ಒಂದು ತೊಡೆ ತೂಗುಹಾಕಿ ಬರುತ್ತಾರೆ. ಯಾರು ತಂದದ್ದೆಂದು ಕೇಳಬಾರದು, ಕೊಟ್ಟೆನೆಂದು ಹೇಳಬಾರದು. ಕೇಳಿದರೆ ಕೊಟ್ಟವನ ಮುಖಕ್ಕೆ ಹೊಡೆದ ಹಾಗೆ. ತಿಂದರೆ ಸಾಕು, ಅದೇ ಉತ್ತರ. ಈ ಪದ್ಧತಿ ಸುನ್ವಾಗೆ ಗೊತ್ತಿರಲಿಲ್ಲವೆಂದಲ್ಲ. ಈ ಪದ್ಧತಿ ಗೊತ್ತಿದ್ದೇ ಇದನ್ನು ಮಾಡಿದ್ದಾರೆ, ನಾನು ಕೇಳಲಾರೆ ಎಂದು ಅವರಿಗೆ ಗೊತ್ತು ಎಂದು ಅವಳು ಅರ್ಥ ಮಾಡಿಕೊಂಡಳು.

ಹೆಂಗಸರು ಕೂಡಿ ಹೆಣೆಯುವ ಸಂಜೆಯೊಂದರಲ್ಲಿ ಆಲ್ಮಾಳ ಮುಂದೆ ಬೇರೆ ಯಾರದೋ ಕಥೆ ಎಂಬಂತೆ ವಿಷಯ ಎತ್ತಿದಳು.

"ಒಬ್ಬಳಿಗೆ ಯಾರೋ ಮಾಂಸ ಕೊಟ್ಟರು ಅಂತಿಟ್ಕೋ. ಅವಳ ಕೈಲಿ ಅವರ ಕೆಲ್ಸ ಒಂದಿದೆ. ಅವಳು ಅವರ ಪರ ಮತ ಹಾಕಿದ್ರೆ ಜನ ಏನಂತಾರೆ?"

"ಮಾಂಸ ತಿಂದು ಮತ ಹಾಕಿದ್ಲು ಅಂತಾರೆ" ಎಂದಳು ಆಲ್ಮಾ, ಕುಣಿಕೆ ಎಣಿಸುತ್ತಾ.

"ವಿರುದ್ಧ ಹಾಕಿದ್ರೆ?"

"ತಮ್ಮನ ಮೇಲಿನ ಹಳೇ ದ್ವೇಷ ತೀರಿಸ್ಕೊಂಡ್ಲು ಅಂತಾರೆ." ಆಲ್ಮಾ ತಲೆ ಎತ್ತಿದಳು. "ಸುನ್ವಾ, ಜನ ಏನೂ ಅನ್ನಲ್ಲ ಮಾರಾಯ್ತಿ. ಜನಕ್ಕೆ ಅವರವರ ಸ್ವೆಟರ್ ಹೆಣೆದು ಮುಗಿಸಿದ್ರೆ ಸಾಕಾಗಿದೆ."

ಕೊನೆಯ ಮಾತು ಸುನ್ವಾಳ ಕಿವಿಗೆ ಹೋಗಲಿಲ್ಲ. ಎಲ್ಲರೂ ತನ್ನಷ್ಟೇ ಅನುಮಾನ ಪಡುತ್ತಾರೆಂದು ಅವಳು ಜೀವಮಾನವಿಡೀ ನಂಬಿದ್ದಳು.

ಮತದ ದಿನ ಬೆಳಿಗ್ಗೆ ಅವಳು ತೊಡೆಯನ್ನು ಇಳಿಸಿದಳು. ಎರಡು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಬಾಯಿಗೆ ಅಂಟುಪಟ್ಟಿ ಸುತ್ತಿ, ಯಾರೂ ಬಿಚ್ಚಿ ಬದಲಾಯಿಸಬಾರದೆಂದು ಅಂಟುಪಟ್ಟಿಯ ಮೇಲೆ ತನ್ನ ಸಹಿ ಹಾಕಿದಳು. ತೋರ್ಸ್‌ಹಾವ್ನ್‌ಗೆ ಬಂದು ಹಾಲ್ಗ್ರಿಮ್‌ನ ಮೇಜಿನ ಮೇಲೆ ಅದನ್ನು ಇಟ್ಟು, ಇದು ಯಾರ್ಡಿನವರ ಲಂಚ, ಪೊಲೀಸರಿಗೆ ಕೊಡಬೇಕು ಎಂದಳು.

ಹಾಲ್ಗ್ರಿಮ್ ಮೊದಲು ಕಾಫಿ ಬಗ್ಗಿಸಿ ಕೊಟ್ಟ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಸ್ವೆಟರಿನ ತೇಪೆಯನ್ನು ಸವರುತ್ತಾ ಅಂದ, "ಪೊಲೀಸರವರೆಗೆ ಬೇಡ ಸುನ್ವಾ. ಒಂದು ತೊಡೆ ಮಾಂಸಕ್ಕೆ ಪೊಲೀಸರನ್ನ ಕರೆದ್ರೆ ಈ ದ್ವೀಪಗಳಲ್ಲಿ ಜೈಲಿನ ಹೊರಗೆ ಉಳಿಯೋರು ಯಾರು?"

"ಹಾಗಂತ ಸುಮ್ನಿರ್ಲಾ?"

"ನೀನು ನಂಗೆ ಹೇಳದೆ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ. ಈಗ ಹೇಳಿದೀಯ. ಕೇಳಿಸ್ಕೊಂಡಿದ್ದನ್ನ ಕೇಳಿಸ್ಕೊಂಡಿಲ್ಲ ಅನ್ನೋಕಾಗಲ್ಲ." ಅವನ ದನಿ ಇನ್ನೂ ಮೆತ್ತಗಾಯಿತು. "ತಮ್ಮ ಅಲ್ಲಿ ಕೆಲಸಕ್ಕಿದಾನೆ. ಮಾಂಸ ನಿನ್ನ ಮನೇಗೆ ಬಂದಿದೆ. ಮತ ಹಾಕೋದೋ ಹೊರಗಿರೋದೋ ಅನ್ನೋದು ನಿನ್ನ ಮನಸ್ಸಿಗೆ ಬಿಟ್ಟಿದ್ದು. ನಾನಂತೂ ಹಾಕ್ಬೇಡ ಅನ್ನಲ್ಲ."

ಅವನು ಹಾಕಬೇಡ ಎನ್ನಲಿಲ್ಲ, ಅದು ನಿಜ. ಸುಳ್ಳು ಒಂದಕ್ಷರ ಹೇಳಲಿಲ್ಲ. ಅವಳು ಹೊರಗುಳಿದರೆ ಅನುಮತಿ ಬೇಕೆನ್ನುವ ತನ್ನ ಕಡೆಯವರಿಗೇ ಅನುಕೂಲ ಎಂಬುದನ್ನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಸಚಿವರನ್ನು, ಅಧಿಕಾರಿಗಳನ್ನು, ಹಡಗನ್ನು, ಕಂಬವನ್ನು, ಹಗ್ಗವನ್ನು, ಒಡಹುಟ್ಟಿದವನನ್ನು ಅನುಮಾನಿಸಿದವಳು ಆ ಒಂದು ಬಟ್ಟಲು ಕಾಫಿಯನ್ನು ಮೂಸದೆ ಕುಡಿದಳು.

ಸಭೆಯಲ್ಲಿ ಅವಳು ಎದ್ದು ನಿಂತು ಹೇಳಿದಳು. ತನ್ನ ಗಾಳಿಮನೆಗೆ ಯಾರ್ಡಿನ ಕಡೆಯಿಂದ ಮಾಂಸ ಬಂದಿದೆ, ತಂದವನು ತನ್ನ ಸ್ವಂತ ತಮ್ಮ, ತಾನು ಮಾರಾಟಕ್ಕಿಲ್ಲ, ಆದ್ದರಿಂದ ಹೊರಗುಳಿಯುತ್ತೇನೆ ಎಂದು ತಲೆ ಎತ್ತಿ ಹೇಳಿ ಹೊರಗೆ ಹೋಗಿ ಕೂತಳು. ಅವಳ ಬದಲಿಗೆ ಕೂರಬೇಕಾದವನು ಮೀನು ಹಿಡಿಯಲು ಸಮುದ್ರಕ್ಕೆ ಹೋಗಿದ್ದ. ಮೂವರು ಬೇಡವೆಂದರು. ನಾಲ್ಕನೆಯವರಿರಲಿಲ್ಲ. ಸಚಿವರ ಅನುಮತಿ ಹಾಗೆಯೇ ಉಳಿಯಿತು. ಚೀಲವನ್ನು ಸಮಿತಿಯ ಗುಮಾಸ್ತೆ ಏನು ಮಾಡಬೇಕೆಂದು ತಿಳಿಯದೆ, ಬಿಸಿನೀರಿನ ಕೊಳವೆಯ ಪಕ್ಕದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು.

ಸುದ್ದಿ ಸುರಂಗದಲ್ಲಿ ಸುನ್ವಾಳ ಕಾರಿಗಿಂತ ವೇಗವಾಗಿ ಬಂತು. ಸಂಜೆಯ ಹೊತ್ತಿಗೆ ಹೆಲ್ಲುವೀಕ್‌ನ ಪ್ರತಿ ಅಡುಗೆಮನೆಯಲ್ಲೂ ರೇಗಿನ್ ಲಂಚ ಕೊಟ್ಟವನಾಗಿದ್ದ.

ಡಿಸೆಂಬರಿನಲ್ಲಿ ಹಡಗು ಬಂತು. ನಮ್ಮೂರಿನ ಮನೆಗಳಿಗಿಂತ ಎತ್ತರವಾಗಿ ಯಾರ್ಡಿನಲ್ಲಿ ನಿಂತಿತು. ಕೆಲವರಿಗೆ ಕೆಲಸ ಸಿಕ್ಕಿದ ಸಂತೋಷ, ಕೆಲವರು ಆ ಕಡೆಯ ಕಿಟಕಿಯ ಪರದೆ ಎಳೆದುಕೊಂಡರು. ಸುನ್ವಾ ಬಲೆಮನೆಯಿಂದ ದಿನವೂ ನೋಡುತ್ತಿದ್ದಳು. ವೆಲ್ಡಿಂಗಿನ ಕಿಡಿ ಹಾರುತ್ತಿತ್ತು, ಮೇಲೆ ಕಂಬದಲ್ಲಿ ಟಾರ್ಪಾಲು ಸುತ್ತಿ ಒಳಗೆ ಯಾರೋ ಏನೋ ಮಾಡುತ್ತಿದ್ದರು. ಆದರೆ ಕೆಲಸದವರ ನಡುವೆ ರೇಗಿನ್ ಕಾಣಲಿಲ್ಲ. ನಡು ಹಗಲಿನಲ್ಲಿ ಅವನು ಜೆಟ್ಟಿಯ ಬಳಿ ತನ್ನ ದೋಣಿಯ ಹೊಟ್ಟೆ ಕೆರೆಯುತ್ತಿದ್ದ. ನಾಚಿಕೆಗೆ ಮುಖ ತೋರಿಸಲಾರದೆ ರಜೆ ಹಾಕಿದ್ದಾನೆ ಎಂದುಕೊಂಡಳು.

ಅಂಗಡಿಯಲ್ಲಿ ಸೀಮುನ್ ಎದುರಾದ. ಅವನು ಮಾರ್ಗರಿನ್ ನೋಡುವ ಜಾತಿಯವನಲ್ಲ, ನೇರ ಅವಳ ಮುಂದೆ ಬಂದು ನಿಂತ.

"ಏನಮ್ಮಾ ಸಂಸತ್ ಸದಸ್ಯೆ, ನಾನು ನಿನ್ನ ತಮ್ಮನ ಕೈಲಿ ಮಾಂಸ ಕಳಿಸಿದ್ನಂತೆ?"

"ಕಳಿಸ್ಲಿಲ್ವಾ?"

"ಕಳಿಸೋಕೆ ಅವನೆಲ್ಲಿದಾನೆ ನನ್ ಹತ್ರ? ಆ ಹಡಗಿನ ಮಾತು ಬಂದ ದಿನಾನೇ ಹೆಲ್ಮೆಟ್ ತೆಗೆದು ನನ್ನ ಮೇಜಿನ ಮೇಲಿಟ್ಟ. ಆ ಹಡಗಿಗೆ ನಾನು ಒಂದು ಬೆಸುಗೆನೂ ಹಾಕಲ್ಲ ಅಂದ. ಸೆಪ್ಟೆಂಬರಿನಿಂದ ಬೆಟ್ಟದ ಮೇಲೆ ಕುರಿ ಕಾಯ್ತಾ ಕೂತಿದಾನೆ, ಊರವ್ರು ಕುರಿ ಕಡಿಯೋ ಕಾಲದ ರಜೆ ಅಂದ್ಕೊಂಡಿದಾರೆ. ಒಳ್ಳೇ ವೆಲ್ಡರ್‌ನ ಕಳ್ಕೊಂಡಿದ್ದು ನಾನು. ಹೆಸರು ಕೆಟ್ಟಿದ್ದು ಅವನದು. ಹಡಗಿಗೆ ಬಾಗಿಲು ತೆಗೆದಿದ್ದು ನೀನು." ಸೀಮುನ್ ಜೋರಾಗಿ ನಕ್ಕ, ಆ ನಗುವಿನಲ್ಲಿ ಖುಷಿ ಇರಲಿಲ್ಲ. "ನಿಂಗೆ ನಾನೇ ಒಂದು ತೊಡೆ ಕಳಿಸ್ಬೇಕಾಗಿತ್ತು, ಥ್ಯಾಂಕ್ಸ್ ಹೇಳೋಕೆ."

ಸುನ್ವಾ ಸಾಮಾನಿನ ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಗೆ ಬಂದಳು. ಮನೆಯ ಮುಂದೆ ಬಟ್ಟೆ ಒಣಹಾಕುವ ಹಗ್ಗ ಗಾಳಿಗೆ ಅಲ್ಲಾಡುತ್ತಿತ್ತು. ಅದು ಹಸಿರು. ಗೇಟಿಗೆ ಕಟ್ಟಿದ್ದ ಹಗ್ಗವೂ ಹಸಿರು. ಆಲ್ಮಾಳ ಕೋಳಿಗೂಡಿನದೂ ಹಸಿರು. ಊರಿಗೆ ಊರೇ ಯಾರ್ಡಿನ ಹಗ್ಗದಲ್ಲಿ ಕಟ್ಟಿಕೊಂಡು ಬದುಕುತ್ತಿತ್ತು, ಅವಳು ಅದನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದಳು.

ಅವಳು ಜೆಟ್ಟಿಗೆ ಹೋದಳು. ರೇಗಿನ್ ದೋಣಿಯ ಕೆಳಗಿನಿಂದ ಹೊರಗೆ ಬಂದ. ಆರು ಚಳಿಗಾಲಗಳಲ್ಲಿ ಅವನ ಗಡ್ಡ ಅಪ್ಪನದರಂತೆ ಆಗಿತ್ತು.

"ಯಾಕೆ ತಂದು ಹಾಕಿದೆ?" ಎಂದಳು. ಕೇಳಬಾರದ್ದನ್ನು ಕೊನೆಗೂ ಕೇಳಿದಳು.

"ಈ ಸಲ ಬೆಟ್ಟದ ಮೇಲೆ ಕೂತು ಯೋಚ್ನೆ ಮಾಡೋಕೆ ಟೈಮ್ ಇತ್ತು. ನಿನ್ನ ಪಾಲು ಬೇರೆ ಮಾಡ್ದೆ. ಅದರಲ್ಲಿ ಮೊದಲನೇದು ನಿಂಗೆ ಅಂತ." ಅವನು ಕೈಯಲ್ಲಿದ್ದ ಕೆರೆಯುವ ಉಳಿಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಮತದ ವಿಷಯ ನನ್ನ ತಲೇಲೂ ಇರ್ಲಿಲ್ಲ. ನೀನು ಬೇಡ ಅಂತೀಯ ಅಂತ ನಂಗೆ ಗೊತ್ತಿತ್ತು. ನಮ್ಮಕ್ಕ ಅಲ್ಲಿರೋವಾಗ ಆ ಹಡಗು ಹೇಗೆ ಬರುತ್ತೆ ಅಂತ ಸೀಮುನ್‌ಗೇ ಹೇಳಿ ಬಂದಿದ್ದೆ."

ಅವಳ ಕಣ್ಣು ದೋಣಿ ಕಟ್ಟಿದ್ದ ಹಸಿರು ಹಗ್ಗದ ಮೇಲೆ ನಿಂತಿತು.

"ಅಪ್ಪನ ಗಂಟು ನೋಡಿಯೂ ಗೊತ್ತಾಗ್ಲಿಲ್ವಾ?" ಎಂದ ಅವನು.

"ಗೊತ್ತಾಯ್ತು. ಅದಕ್ಕೇ ಅನುಮಾನ ಬಂತು."

ಬೈಯುತ್ತಾನೆಂದು ಅವಳು ಕಾದಳು, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. "ತಿಂದ್ಯಾ ಕಡೇಪಕ್ಷ?" ಎಂದು ಕೇಳಿದ.

ಅವಳು ಕಾರಿನ ಕಡೆ ಓಡಿದಳು. ತೋರ್ಸ್‌ಹಾವ್ನ್‌ನಲ್ಲಿ ಗುಮಾಸ್ತೆ ಮೂಗು ಮುಚ್ಚಿಕೊಂಡೇ ಕಪಾಟು ತೆರೆದಳು. ಅಂಟುಪಟ್ಟಿ ಹಾಗೆಯೇ ಇತ್ತು, ಸಹಿ ಹಾಗೆಯೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಗಾಳಿ ಸಿಕ್ಕಿದ್ದರೆ ಹಬ್ಬಕ್ಕೆ ಹದವಾಗಿ ಮಾಗಿರುತ್ತಿದ್ದ ಮಾಂಸ, ಅವಳೇ ಭದ್ರ ಮಾಡಿದ ಚೀಲದೊಳಗೆ ಬೆಚ್ಚಗೆ ಕೂತು ಕೊಳೆತು ನೀರಾಗಿತ್ತು. ಅವಳು ಅದನ್ನು ಹೂಳಿದಳು. ಹೂಳುವ ಮೊದಲು ಗಂಟಿನೊಳಗಿನ ಕೆಂಪು ಉಣ್ಣೆಯ ಎಳೆಯನ್ನು ಬಿಡಿಸಿಕೊಂಡು, ತೊಳೆದು, ಜೇಬಿನಲ್ಲಿಟ್ಟುಕೊಂಡಳು.

ಹಬ್ಬದ ಹಿಂದಿನ ದಿನ ಹಡಗು ಹೊರಟಿತು. ಚುಕ್ಕಾಣಿ ಸರಿಯಾಗಿತ್ತು, ಕಂಬ ಬೆಳ್ಳಗೆ ಹೊಳೆಯುತ್ತಿತ್ತು. ಕೊಲ್ಲಿಯ ಬಾಯಿ ದಾಟಿ ಅದು ಎಡಕ್ಕೆ, ಮೀನಿಲ್ಲದ ನೀರಿನ ಕಡೆಗೆ ತಿರುಗಿತು. ಸುನ್ವಾ ಅದನ್ನು ನೋಡಲು ನಿಲ್ಲಲಿಲ್ಲ. ಗಾಳಿಮನೆಯಲ್ಲಿ ಉಳಿದಿದ್ದ ಎರಡು ತೊಡೆಗಳಲ್ಲಿ ಒಳ್ಳೆಯದನ್ನು ಇಳಿಸಿ, ಅಪ್ಪನ ಗಂಟು ಹಾಕಿ, ಗಂಟಿನೊಳಗೆ ಆ ಕೆಂಪು ಎಳೆಯನ್ನು ಸಿಕ್ಕಿಸಿ, ಹಾಡುಹಗಲೇ ಊರಿನ ಮಧ್ಯದಿಂದ ನಡೆದುಕೊಂಡು ರೇಗಿನ್‌ನ ಮನೆಯ ಹಿತ್ತಿಲಿಗೆ ಹೋದಳು. ನಾವೆಲ್ಲ ಕಿಟಕಿಯಿಂದ ನೋಡಿದೆವು. ಯಾರೂ ಏನೂ ಅನ್ನಲಿಲ್ಲ. ತೂಗುಹಾಕಿ ಬಂದುಬಿಡಲಿ, ಅವನು ತಿಂದುಬಿಡಲಿ ಎಂದು ನನಗಂತೂ 'ದೇವರೇ' ಎನ್ನುವಷ್ಟು ಆಸೆಯಾಗಿತ್ತು.

ರೇಗಿನ್‌ನ ಗಾಳಿಮನೆಯ ಬಾಗಿಲಿಗೆ ಬೀಗ ಹಾಕಿತ್ತು.

ಹೊಸ ಬೀಗ, ಹಿತ್ತಾಳೆಯದು. ಹೆಲ್ಲುವೀಕ್‌ನ ಯಾವ ಗಾಳಿಮನೆಯೂ ಅದುವರೆಗೆ ಅಂಥದ್ದನ್ನು ಕಂಡಿರಲಿಲ್ಲ. ಸುನ್ವಾ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಹಲಗೆಯ ಸಂದಿಗೆ ಕಣ್ಣಿಟ್ಟಳು. ಒಳಗೆ ಎರಡು ಸಾಲು ಮಾಂಸ ತೂಗುತ್ತಿತ್ತು. ಒಂದು ಸಾಲು ಅವನದು. ಇನ್ನೊಂದು ಸಾಲಿನ ಪ್ರತಿಯೊಂದು ಗಂಟಿನಲ್ಲೂ ಕೆಂಪು ಉಣ್ಣೆ ಇತ್ತು.

ಅವಳು ಸಂದಿಯಲ್ಲಿ ಬೆರಳು ತೂರಿಸಿದಳು, ಹತ್ತಿರದ ತೊಡೆ ಕೂಡ ಬೆರಳಿಗೆ ಎಟುಕಲಿಲ್ಲ. ಗಾಳಿ ಬೀಸಿದಾಗ ಒಳಗಿನವು ಒಂದಕ್ಕೊಂದು ತಾಗಿ ಮೆಲ್ಲಗೆ ಸದ್ದು ಮಾಡಿದವು. ಅವಳು ತಂದ ತೊಡೆಯನ್ನು ಎದೆಗೆ ಒತ್ತಿಕೊಂಡು, ಕತ್ತಲಾಗುವವರೆಗೆ ಆ ಬಾಗಿಲಿನ ಮುಂದಿನ ಕಲ್ಲಿನ ಮೇಲೆ ಕೂತಿದ್ದಳು. ಮನೆಯೊಳಗೆ ದೀಪ ಹತ್ತಿತು, ಬಾಗಿಲು ತೆರೆಯಲಿಲ್ಲ.